ಎಎಂಎಚ್ ರಿಪೋರ್ಟ್ ಕೈಗೆ ಬಂದಾಗ: ಹೆಜ್ಜೆ ಹೆಜ್ಜೆಯಾಗಿ ಓದುವುದು ಹೇಗೆ?

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಹೊರಗೆ 42 ಡಿಗ್ರಿ ಬಿಸಿಲು. ಆಳಂದ ಕಡೆಯಿಂದ ಬಂದ ಅತ್ತೆ-ಸೊಸೆ ನಮ್ಮ ಲ್ಯಾಬಿನ ಕೌಂಟರ್ ಮುಂದೆ ನಿಂತಿದ್ದರು. ಸೊಸೆಗೆ 31 ವರ್ಷ. ಕೈಯಲ್ಲಿ ಎಎಂಎಚ್ ರಿಪೋರ್ಟ್, ಅಂದರೆ ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿವೆ ಎಂದು ಅಂದಾಜು ಮಾಡುವ ರಕ್ತ ಪರೀಕ್ಷೆಯದ್ದು. ಅದರಲ್ಲಿ 0.82 ಎಂದು ದಪ್ಪಗೆ ಅಚ್ಚಾಗಿತ್ತು, ಪಕ್ಕದಲ್ಲಿ ಕೆಳಗೆ ತೋರಿಸುವ ಬಾಣ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಸೊನ್ನೆಯ ಮೇಲೆ ಬೆರಳಿಟ್ಟು ಕೇಳಿದರು: "ಝೀರೋ ಬಂದದಲ್ಲರಿ. ಅಂದ್ರ ಒಳಗ ಏನೂ ಇಲ್ಲ ಅಂತೇನ್ರಿ?" ಸೊಸೆ ತಲೆ ಎತ್ತಲಿಲ್ಲ.

ಕಲಬುರಗಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ, ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ರಿಪೋರ್ಟ್ ಕೈಗೆ ಸಿಗುವುದಕ್ಕೂ ಡಾಕ್ಟರ್ ಮುಂದೆ ಕೂರುವುದಕ್ಕೂ ನಡುವೆ ಒಂದೆರಡು ದಿನ ಇರುತ್ತದೆ ನೋಡಿ, ಆ ದಿನಗಳಲ್ಲೇ ಮನೆಯಲ್ಲಿ ದೊಡ್ಡ ರಂಪ ಆಗುವುದು. ಅದಕ್ಕೇ ಈ ಬರಹ.

ಮೊದಲು: ಈ ಟೆಸ್ಟ್ ಏನನ್ನು ಅಳೆಯುತ್ತದೆ?

ಎಎಂಎಚ್ ಅಂದರೆ ಆ್ಯಂಟಿ ಮುಲೇರಿಯನ್ ಹಾರ್ಮೋನ್. ಹೆಸರು ನೋಡಿ ಹೆದರಬೇಡಿ. ಹೆಣ್ಣಿನ ಎರಡು ಅಂಡಾಶಯಗಳಲ್ಲಿ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ಡಾಕ್ಟರ್‌ಗಳು ಫಾಲಿಕಲ್ ಅನ್ನುತ್ತಾರೆ. ಒಂದೊಂದು ಗುಳ್ಳೆಯಲ್ಲಿ ಒಂದೊಂದು ಅಂಡಾಣು, ಅಂದರೆ ತತ್ತಿ. ಬೆಳೆಯಲು ಶುರುವಾದ ಚಿಕ್ಕ ಗುಳ್ಳೆಗಳ ಸುತ್ತಲಿನ ಜೀವಕೋಶಗಳು ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಗುಳ್ಳೆ ಜಾಸ್ತಿ ಇದ್ದರೆ ಹಾರ್ಮೋನ್ ಜಾಸ್ತಿ, ಕಡಿಮೆ ಇದ್ದರೆ ಕಡಿಮೆ.

ಆ ಅತ್ತೆಗೆ ನಾನು ಹಗೇವಿನ ಲೆಕ್ಕದಲ್ಲಿ ಹೇಳಿದೆ. ಹಿಂದೆ ನಮ್ಮ ಕಡೆ ಜೋಳ ತುಂಬಲು ನೆಲದಲ್ಲಿ ಹಗೇವು ತೋಡುತ್ತಿದ್ದರು. ತಳದಲ್ಲಿ ಎಷ್ಟು ಕಾಳು ಉಳಿದಿದೆ ಎಂದು ಮೇಲಿನಿಂದ ಕಾಣುವುದಿಲ್ಲ. ಪ್ರತಿ ಸಲ ಬುಟ್ಟಿಗೆ ಎಷ್ಟು ಬಂತು ಎಂದು ನೋಡಿ ಅಂದಾಜು ಮಾಡಬೇಕು. ಎಎಂಎಚ್ ಕೂಡ ಹಾಗೇ. ಅದು ಬುಟ್ಟಿಯನ್ನು ನೋಡಿ ಹೇಳುವ ಅಂದಾಜು. ಕಾಳು ಎಷ್ಟಿದೆ ಎನ್ನುವುದರ ಸುಳಿವು ಅದರಲ್ಲಿದೆ. ಕಾಳು ಬಿತ್ತನೆಗೆ ಚೆನ್ನಾಗಿದೆಯೋ, ಈ ಸಲ ಮೊಳಕೆ ಒಡೆಯುತ್ತದೋ ಎನ್ನುವುದು ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳುವುದು ಬಹುಪಾಲು ವಯಸ್ಸು.

ಇನ್ನೊಂದು ಮಾತು. ಹಗೇವು ಎಲ್ಲರಲ್ಲೂ ಖಾಲಿ ಆಗುತ್ತಲೇ ಇರುತ್ತದೆ. ಹೆಣ್ಣುಮಗು ಹುಟ್ಟುವಾಗ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ದೊಡ್ಡವಳಾಗುವ ಹೊತ್ತಿಗೆ 3-4 ಲಕ್ಷ. ಇಡೀ ಜೀವನದಲ್ಲಿ ಪಕ್ವವಾಗಿ ಹೊರಬೀಳುವುದು 400-500 ಅಷ್ಟೇ. ಉಳಿದವು ತಾವಾಗಿಯೇ ಒಣಗಿ ಹೋಗುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಬಿಸಿಲಲ್ಲಿ ಹೊಲಕ್ಕೆ ಹೋದದ್ದಕ್ಕೆ, ಗಾಡಿ ಓಡಿಸಿದ್ದಕ್ಕೆ ಹೀಗಾಯಿತು ಎನ್ನುವವರನ್ನು ದಿನಾ ನೋಡುತ್ತೇನೆ. ಸುಮ್ನೆ ಮಾತು.

ಎರಡನೆಯದು: ನಿಮಗೆ ಈ ಟೆಸ್ಟ್ ಬೇಕಾ?

ಮದುವೆಯಾಗಿ ಮೂರು ತಿಂಗಳಿಗೆ "ಒಂದು ಎಎಂಎಚ್ ಮಾಡಿಸಿಬಿಡೋಣ" ಎಂದು ಬರುವವರಿದ್ದಾರೆ. ಬೇಡ. ಗರ್ಭನಿರೋಧಕ ಏನೂ ಬಳಸದೆ, ಗಂಡ-ಹೆಂಡತಿ ಒಟ್ಟಿಗಿದ್ದು ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ ತಪಾಸಣೆ ಶುರು ಮಾಡುವುದು ವಾಡಿಕೆ. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಅಂಡಾಶಯದ ಆಪರೇಷನ್ ಆಗಿದ್ದರೆ, ಕ್ಯಾನ್ಸರಿಗೆ ಕಿಮೋ ತೆಗೆದುಕೊಂಡಿದ್ದರೆ ಕಾಯುವುದೇ ಬೇಡ. ಇಲ್ಲಿ 'ಒಟ್ಟಿಗಿದ್ದು' ಎಂಬ ಮಾತು ಮುಖ್ಯ. ಗಂಡ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಾ ಹಬ್ಬಕ್ಕೆ ಮಾತ್ರ ಬರುತ್ತಿದ್ದರೆ, ಕ್ಯಾಲೆಂಡರಿನಲ್ಲಿ ವರ್ಷವಾದರೂ ಲೆಕ್ಕದಲ್ಲಿ ವರ್ಷವಾಗಿಲ್ಲ.

ತೊಂದರೆ ಇಲ್ಲದವರು ಮುಂದೆ ಮಗು ಆಗುತ್ತದೋ ಇಲ್ಲವೋ ತಿಳಿಯಲು ಇದನ್ನು ಮಾಡಿಸುವುದು ದುಡ್ಡು ದಂಡ. 2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. 30ರಿಂದ 44 ವಯಸ್ಸಿನ, ಬಂಜೆತನದ ಇತಿಹಾಸ ಇಲ್ಲದ ಸುಮಾರು 750 ಹೆಂಗಸರನ್ನು ಗಮನಿಸಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರೂ ಉಳಿದವರಷ್ಟೇ ಸಹಜವಾಗಿ ಗರ್ಭ ಧರಿಸಿದರು. ತಿಂಗಳಿಗೆ ಬೇಕಾದದ್ದು ಒಂದೇ ಒಂದು ಒಳ್ಳೆಯ ಅಂಡಾಣು, ಅಲ್ವಾ?

ಹಾಗಾದರೆ ಟೆಸ್ಟ್ ಯಾತಕ್ಕೆ? ಐವಿಎಫ್ (ಜನ ಟೆಸ್ಟ್ ಟ್ಯೂಬ್ ಬೇಬಿ ಅನ್ನುವ ಚಿಕಿತ್ಸೆ) ಮಾಡುವಾಗ ಅಂಡಾಣು ಬೆಳೆಯಲು ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು, ಡೋಸ್ ಎಷ್ಟಿರಬೇಕು ಎಂದು ಅಂದಾಜು ಮಾಡಲು ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಚಿಕಿತ್ಸೆಗೆ ಎಷ್ಟು ಆತುರ ಪಡಬೇಕು ಎಂದು ತೀರ್ಮಾನಿಸಲೂ ಬೇಕು. ಬೇರೆ ಕಾರಣ ಹೇಳಿದರೆ ಡಾಕ್ಟರನ್ನೇ "ಈ ಟೆಸ್ಟಿನಿಂದ ನಮ್ಮ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಎಂದು ಕೇಳಿ. ಕೇಳುವುದು ತಪ್ಪಲ್ಲ.

ಮೂರನೆಯದು: ರಕ್ತ ಕೊಡುವ ಮುಂಚೆ

ಎಎಂಎಚ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ. ರೊಟ್ಟಿ ತಿಂದು ಚಹಾ ಕುಡಿದು ಬನ್ನಿ. ಮುಟ್ಟಿನ ಯಾವ ದಿನವಾದರೂ ನಡೆಯುತ್ತದೆ, ಏಕೆಂದರೆ ಇದು ತಿಂಗಳೊಳಗೆ ಹೆಚ್ಚು ಏರಿಳಿಯುವುದಿಲ್ಲ. ಆದರೆ ಚೀಟಿಯಲ್ಲಿ ಎಎಂಎಚ್ ಜೊತೆಗೆ ಬೇರೆ ಹೆಸರುಗಳೂ ಇದ್ದರೆ ದಿನ ನೋಡಲೇಬೇಕು.

ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಾಡಿಯೋಲ್ ಎಂಬ ಹಾರ್ಮೋನುಗಳ ಟೆಸ್ಟ್ ಇದ್ದರೆ ಮುಟ್ಟಿನ 2ನೇ ಅಥವಾ 3ನೇ ದಿನ ಬರಬೇಕು. ಚೆನ್ನಾಗಿ ರಕ್ತ ಹೋಗಲು ಶುರುವಾದ ದಿನವೇ 1ನೇ ದಿನ. ಹಿಂದಿನ ರಾತ್ರಿ ಒಂದು ಹನಿ ಕಲೆ ಕಂಡಿದ್ದರೆ ಅದು ಲೆಕ್ಕಕ್ಕಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಬರುವಂತಿಲ್ಲ. ನಾಲ್ಕನೇ ದಿನ ತಲೆಸ್ನಾನ ಮಾಡಿ, ಐದನೇ ದಿನ ಲ್ಯಾಬಿಗೆ ಬರುತ್ತಾರೆ. ಅಷ್ಟರಲ್ಲಿ ಈ ಮೂರು ಟೆಸ್ಟುಗಳ ಸಮಯ ಮುಗಿದಿರುತ್ತದೆ. ಪಾಪ, ಮತ್ತೆ ಒಂದು ತಿಂಗಳು ಕಾಯಬೇಕು. ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟುಬಿಡಿ.

ಪ್ರೊಜೆಸ್ಟರಾನ್ ಬರೆದಿದ್ದರೆ '21ನೇ ದಿನ' ಅನ್ನುತ್ತಾರೆ. ಅದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ನಿಮಗೆ 35 ದಿನಕ್ಕೊಮ್ಮೆ ಆದರೆ 28ನೇ ದಿನ ಬರಬೇಕು. ಮುಂದಿನ ಡೇಟಿಗೆ ಏಳು ದಿನ ಮುಂಚೆ ಎಂದು ನೆನಪಿಟ್ಟುಕೊಂಡರೆ ಸಾಕು. ಪ್ರೊಲ್ಯಾಕ್ಟಿನ್ ಇದ್ದರೆ ಬೆಳಗ್ಗೆ ಎದ್ದು ಎರಡು-ಮೂರು ಗಂಟೆ ಆದ ಮೇಲೆ ಕೊಡಿ. ಬಸ್ಸಿನಲ್ಲಿ ನಿಂತುಕೊಂಡು, ಓಡೋಡಿ ಬಂದಿದ್ದರೆ ಹದಿನೈದು-ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಕೂತು ದಣಿವಾರಿಸಿಕೊಳ್ಳಿ. ಆತಂಕ, ದಣಿವಿಗೇ ಅದು ಏರಿಬಿಡುತ್ತದೆ. ಥೈರಾಯ್ಡಿನ ಟಿಎಸ್‌ಎಚ್‌ಗೆ ಮುಟ್ಟಿನ ದಿನದ ಹಂಗಿಲ್ಲ.

ಇನ್ನು ಮಾತ್ರೆಗಳು. ಯಾರೂ ಕೇಳದಿದ್ದರೂ ನೀವೇ ಹೇಳಬೇಕಾದವು ಮೂರು.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಎಂಎಚ್ ಇರುವುದಕ್ಕಿಂತ ಕಡಿಮೆ ಬರುತ್ತದೆ. ಪಿಸಿಓಎಸ್‌ಗೆ (ಅಂಡಾಶಯದ ಗುಳ್ಳೆಗಳು ಪೂರ್ತಿ ಬೆಳೆಯದೆ ಮುಟ್ಟು ತಡವಾಗುವ ತೊಂದರೆಗೆ) ಎಂದು ಕೊಟ್ಟ ಮಾತ್ರೆಯೂ ಅದೇ ಇರಬಹುದು, ಡಬ್ಬಿ ತಂದು ತೋರಿಸಿ. ನಿಲ್ಲಿಸಿ ಎರಡು-ಮೂರು ತಿಂಗಳಾದ ಮೇಲೆ ಮಾಡಿಸಿದರೆ ನಿಜವಾದ ಅಂಕಿ ಸಿಗುತ್ತದೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಜಾತ್ರೆಗೋ, ಮದುವೆಗೋ, ಗಾಣಗಾಪುರಕ್ಕೆ ಹೋಗುವುದಿದೆ ಎಂದೋ ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಆ ತಿಂಗಳ ದಿನದ ಲೆಕ್ಕವೆಲ್ಲ ಅಡ್ಡಾದಿಡ್ಡಿ ಆಗಿರುತ್ತದೆ. ಮುಂದಿನ ತಿಂಗಳಿಗೆ ಬಿಡುವುದು ಒಳ್ಳೆಯದು.

ಮೂರನೆಯದು ಯಾರಿಗೂ ಹೊಳೆಯದ್ದು: ಕೂದಲು, ಉಗುರಿಗೆ ಎಂದು ತೆಗೆದುಕೊಳ್ಳುವ ಬಯೋಟಿನ್. ಅದು ಮೈಯೊಳಗಿನ ಹಾರ್ಮೋನನ್ನು ಬದಲಿಸುವುದಿಲ್ಲ. ಅಳೆಯುವ ಕೆಲವು ಮಷಿನ್‌ಗಳ ರಸಾಯನವನ್ನೇ ಗೊಂದಲ ಮಾಡುತ್ತದೆ. ಟಿಎಸ್‌ಎಚ್ ಕೂಡ ಇದರಿಂದ ತಪ್ಪಾಗಿ ಬರಬಹುದು. ಎರಡು-ಮೂರು ದಿನ ಮೊದಲೇ ನಿಲ್ಲಿಸಿ ಬನ್ನಿ.

ರಕ್ತ ತೆಗೆಯುವುದು ಒಂದು ನಿಮಿಷದ ಕೆಲಸ. ಹಳದಿ ಅಥವಾ ಕೆಂಪು ಮುಚ್ಚಳದ ಒಂದು ಟ್ಯೂಬ್, 3ರಿಂದ 5 ಎಂಎಲ್. ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ಮಷಿನ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ನೀರಿನಂಥ ಸೀರಂ ಬೇರೆ ಮಾಡುತ್ತೇವೆ. ಊರಿನ ಎಲ್ಲ ಲ್ಯಾಬುಗಳಲ್ಲೂ ಹಾರ್ಮೋನ್ ಮಷಿನ್ ಇರುವುದಿಲ್ಲ. ಸಣ್ಣ ಲ್ಯಾಬುಗಳು ಸೀರಂ ಅನ್ನು ಐಸ್ ಪ್ಯಾಕಿನಲ್ಲಿಟ್ಟು ಹೈದರಾಬಾದಿಗೋ ಬೆಂಗಳೂರಿಗೋ ಕಳಿಸುತ್ತವೆ. ಅದಕ್ಕೇ ರಿಪೋರ್ಟ್ ಒಂದೆರಡು ದಿನ ತಡ. ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಟ್ಟುಕೊಳ್ಳಿ, ಮುಂದೆ ಇದು ಬೇಕಾಗುತ್ತದೆ.

ನಾಲ್ಕನೆಯದು: ಅಂಕಿಗಿಂತ ಮೊದಲು ಅದರ ಪಕ್ಕದ ಅಕ್ಷರ ಓದಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೇ ಆದ ಕಥೆ ಇದೆ.

ನನ್ನ ಚಿಕ್ಕಮ್ಮನ ಮಗಳಿಗೆ ಒಂದು ವರ್ಷ ಎಎಂಎಚ್ 1.1 ಬಂತು. ಯಾರೋ ಹೇಳಿದರು ಎಂದು ಅವಳ ಗಂಡ ಆರು ಸಾವಿರ ಕೊಟ್ಟು ಒಂದು ಪುಡಿ ತಂದ. ಹಾಲಿನಲ್ಲಿ ಕಲಸಿ ಮೂರು ತಿಂಗಳು ಕುಡಿಯಬೇಕು. ಕುಡಿದಳು. ಬೇರೆ ಊರಿನ ಲ್ಯಾಬಿನಲ್ಲಿ ಮತ್ತೆ ಟೆಸ್ಟ್ ಮಾಡಿಸಿದರು. 7.8! ಮನೆಯಲ್ಲಿ ಪೇಡಾ ಹಂಚಿದರು. ಇನ್ನೂ ಮೂರು ತಿಂಗಳ ಪುಡಿಗೆ ದುಡ್ಡು ಕಟ್ಟಿದರು. ನನಗೆ ವಾಟ್ಸಾಪಿನಲ್ಲಿ ರಿಪೋರ್ಟ್ ಬಂದಾಗ ಅಂಕಿಯ ಪಕ್ಕ ನೋಡಿದೆ. ಮೊದಲನೆಯದು ನ್ಯಾನೋಗ್ರಾಂ ಪ್ರತಿ ಎಂಎಲ್. ಎರಡನೆಯದು ಪಿಕೋಮೋಲ್ ಪ್ರತಿ ಲೀಟರ್.

ಇವೆರಡು ಬೇರೆ ಬೇರೆ ಅಳತೆ, ಸೇರು ಮತ್ತು ಕಿಲೋ ಇದ್ದ ಹಾಗೆ. 1 ನ್ಯಾನೋಗ್ರಾಂ ಅಂದರೆ 7.14 ಪಿಕೋಮೋಲ್. 7.8ನ್ನು 7.14ರಿಂದ ಭಾಗಿಸಿದರೆ 1.09. ಅಂದರೆ ಏನೂ ಬದಲಾಗಿರಲಿಲ್ಲ. ಹಾಗೆ ಹೇಳಿದ ಮೇಲೆ ಅವಳ ಗಂಡ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ.

ಅಂಡಾಣುವನ್ನು ಹೊಸದಾಗಿ ತುಂಬುವ ಪುಡಿ, ಮಾತ್ರೆ, ಲೇಹ್ಯ ಯಾವುದೂ ಇಲ್ಲ. ಹಗೇವಿಗೆ ಮತ್ತೆ ಕಾಳು ಸುರಿಯಲು ಬರುವುದಿಲ್ಲ. ಅಳತೆ ಒಂದೇ ಇದ್ದರೂ ಲ್ಯಾಬ್ ಬದಲಾದರೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಕಿಟ್ ಬೇರೆ ಇರುತ್ತದೆ. 1.1 ಹೋಗಿ 1.3 ಆದರೆ ಹಿಗ್ಗಬೇಕಿಲ್ಲ, 0.9 ಆದರೆ ಕುಗ್ಗಬೇಕಿಲ್ಲ. ಮತ್ತೆ ಮಾಡಿಸುವುದಿದ್ದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಪ್ರತಿ ತಿಂಗಳು ಮಾಡಿಸುವುದಂತೂ ಬೇಡವೇ ಬೇಡ. ಒಂದು ಸಲಕ್ಕೆ ಸಾವಿರದ ಮೇಲೆ ಬೀಳುತ್ತದೆ.

ಐದನೆಯದು: ಅಂಕಿಯನ್ನು ವಯಸ್ಸಿನ ಪಕ್ಕ ಇಡಿ

ಇನ್ನು ಮುಂದೆ ಎಎಂಎಚ್ ಅಂಕಿಗಳೆಲ್ಲ ನ್ಯಾನೋಗ್ರಾಂ ಲೆಕ್ಕದಲ್ಲಿ. ಒರಟಾಗಿ ಹೇಳುವುದಾದರೆ 1ಕ್ಕಿಂತ ಕೆಳಗಿದ್ದರೆ ಕಡಿಮೆ, 1ರಿಂದ 3.5ರವರೆಗೆ ಸಾಧಾರಣ, 4-5 ದಾಟಿದರೆ ಜಾಸ್ತಿ ಅನ್ನುತ್ತಾರೆ. ಆದರೆ 25ರ ಹುಡುಗಿಯ 1.2 ಮತ್ತು 41ರ ಹೆಂಗಸಿನ 1.2 ಒಂದೇ ಅಲ್ಲ. ಮೊದಲನೆಯವಳಿಗೆ ಅದು ವಯಸ್ಸಿಗೆ ಕಡಿಮೆ, ಎರಡನೆಯವಳಿಗೆ ಚೆನ್ನಾಗೇ ಇದೆ. ಆದರೂ ಗರ್ಭ ನಿಲ್ಲುವ ಸಾಧ್ಯತೆ ಮೊದಲನೆಯವಳಿಗೇ ಜಾಸ್ತಿ. ಅಂಡಾಣುವಿನ ಗುಣ ವಯಸ್ಸಿನ ಜೊತೆ ಹೋಗುತ್ತದೆ. ಜನಕ್ಕೆ ಅರ್ಥ ಮಾಡಿಸಲು ನನಗೆ ಅತಿ ಕಷ್ಟವಾಗುವ ಮಾತು ಇದೇ.

ಬಾಣದ ಗುರುತನ್ನೂ ಕಣ್ಣುಮುಚ್ಚಿ ನಂಬಬೇಡಿ. ಕೆಲವು ಲ್ಯಾಬುಗಳು ಎಲ್ಲ ವಯಸ್ಸಿಗೂ ಒಂದೇ ಗೆರೆ ಹಾಕಿ ಅದರ ಕೆಳಗಿನದ್ದಕ್ಕೆಲ್ಲ ಬಾಣ ಹಾಕುತ್ತವೆ. ಕೆಲವು ವಯಸ್ಸಿನ ಪ್ರಕಾರ ಪಟ್ಟಿ ಕೊಡುತ್ತವೆ, ಆ ಪಟ್ಟಿ ಎಷ್ಟು ಅಗಲ ಇರುತ್ತದೆ ಅಂದರೆ 30-34 ವಯಸ್ಸಿಗೆ ಸುಮಾರು 0.6ರಿಂದ 8ರವರೆಗೂ ನಾರ್ಮಲ್ ಎಂದು ಬರೆದಿರುತ್ತದೆ. ಆಳಂದದ ಸೊಸೆಯ 0.82 ಒಂದು ಲ್ಯಾಬಿನಲ್ಲಿ ಬಾಣ, ಇನ್ನೊಂದರಲ್ಲಿ ನಾರ್ಮಲ್! ಹಾಗಂತ ನಿಶ್ಚಿಂತೆಯಿಂದ ಕೂರುವ ಅಂಕಿಯೂ ಅದಲ್ಲ. 31ಕ್ಕೆ ಅದು ಕಡಿಮೆ ಕಡೆಯದ್ದೇ. ಅದರ ಅರ್ಥ ಇಷ್ಟು: ಇನ್ನೆರಡು ವರ್ಷ ನೋಡೋಣ ಎಂದು ತಳ್ಳದೆ ಈಗಲೇ ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಕಡಿಮೆ ಬಂದವರು ಒಂದು ವಿಷಯ ನೆನಪು ಮಾಡಿಕೊಳ್ಳಿ. ಅಂಡಾಶಯದ ಚಾಕೊಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗಂಟು, ತೆಗೆಸಿದ್ದೀರಾ? ಆ ಆಪರೇಷನ್ನಿನಲ್ಲಿ ಗಂಟಿನ ಜೊತೆ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ, ಎಎಂಎಚ್ ಇಳಿಯುತ್ತದೆ. ಇನ್ನೂ ಮಾಡಿಸಿಲ್ಲ, ಮಾಡಿಸಬೇಕು ಎಂದಿದ್ದರೆ ಆಪರೇಷನ್ನಿಗೆ ಮುಂಚೆ ಎಎಂಎಚ್ ನೋಡಬೇಕಾ ಎಂದು ಕೇಳಿ.

ಜಾಸ್ತಿ ಬಂದರೆ ಖುಷಿ ಪಡಬೇಕು ಎಂದುಕೊಳ್ಳುವವರೂ ಇದ್ದಾರೆ. 9, 11 ಎಂದು ಬಂದರೆ ಹೆಚ್ಚಾಗಿ ಅದು ಪಿಸಿಓಎಸ್ ಸುಳಿವು. ಗುಳ್ಳೆಗಳು ಬೇಕಾದಷ್ಟಿವೆ, ಆದರೆ ಯಾವುದೂ ಪೂರ್ತಿ ಬೆಳೆದು ಒಡೆಯುತ್ತಿಲ್ಲ. ಅದಕ್ಕೇ ಮುಟ್ಟು ತಡ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ವಯಸ್ಕರಲ್ಲಿ ಪಿಸಿಓಎಸ್ ಗುರುತಿಸುವಾಗ ಸ್ಕ್ಯಾನಿಂಗ್ ಬದಲಿಗೆ ಎಎಂಎಚ್ ಬಳಸಬಹುದು, ಹದಿಹರೆಯದವರಲ್ಲಿ ಬಳಸಬಾರದು. ಹತ್ತನೇ ಕ್ಲಾಸಿನ ಮಗಳಿಗೆ ಎಎಂಎಚ್ ಮಾಡಿಸಲು ಕರೆತರುವ ತಾಯಂದಿರೇ, ಇದನ್ನು ಗಮನಿಸಿ. ಐವಿಎಫ್ ಮಾಡುವಾಗ ಇಂಥವರಿಗೆ ಇಂಜೆಕ್ಷನ್ ಹುಷಾರಾಗಿ ಕೊಡಬೇಕು. ಇಲ್ಲದಿದ್ದರೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಇದೆ.

ಆರನೆಯದು: ಜೊತೆಗಿರುವ ಬೇರೆ ಸಾಲುಗಳು

ಎಫ್‌ಎಸ್‌ಎಚ್ ಎನ್ನುವುದು ಮೆದುಳಿನ ಕೆಳಗಿನ ಗ್ರಂಥಿ ಅಂಡಾಶಯಕ್ಕೆ ಕೂಗಿ ಹೇಳುವ ಮಾತು. ಅಂಡಾಶಯ ಚೆನ್ನಾಗಿ ಕೇಳಿಸಿಕೊಂಡರೆ ಮೆಲ್ಲಗೆ ಕರೆದರೂ ಸಾಕು. ಗುಳ್ಳೆ ಕಡಿಮೆಯಾದಾಗ ಜೋರಾಗಿ ಕೂಗಬೇಕಾಗುತ್ತದೆ, ಅಂಕಿ 10 ದಾಟುತ್ತದೆ. ಅದೇ ದಿನದ ಎಸ್ಟ್ರಾಡಿಯೋಲ್ ಪ್ರತಿ ಎಂಎಲ್‌ಗೆ 80 ಪಿಕೋಗ್ರಾಂಗಿಂತ ಜಾಸ್ತಿ ಇದ್ದರೆ ಎಫ್‌ಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ ತೋರಿಸಬಹುದು. ಅದಕ್ಕೇ ಎರಡನ್ನೂ ಒಟ್ಟಿಗೆ ಮಾಡಿಸುವುದು. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ ಏರುಪೇರಾಗಿದ್ದರೆ ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ. ಅವಕ್ಕೆ ಮಾತ್ರೆ ಇದೆ.

ಸ್ಕ್ಯಾನಿಂಗನ್ನು ಮಾತ್ರ ಬಿಡಬೇಡಿ. ಮುಟ್ಟಿನ ಮೊದಲ ದಿನಗಳಲ್ಲಿ ಒಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ 2ರಿಂದ 10 ಮಿಲಿಮೀಟರಿನ ಗುಳ್ಳೆಗಳನ್ನು ಎರಡೂ ಕಡೆ ಎಣಿಸುತ್ತಾರೆ. ಒಟ್ಟು ಐದಾರಕ್ಕಿಂತ ಕಡಿಮೆ ಇದ್ದು ಎಎಂಎಚ್ ಕೂಡ ಕಡಿಮೆ ಇದ್ದರೆ ಮಾತು ಹೊಂದುತ್ತದೆ. ಎಎಂಎಚ್ 0.5, ಸ್ಕ್ಯಾನಿಂಗಿನಲ್ಲಿ ಹದಿನಾಲ್ಕು ಗುಳ್ಳೆ ಎಂದು ಬಂದರೆ ಎಲ್ಲೋ ಎಡವಟ್ಟಾಗಿದೆ, ಮತ್ತೊಮ್ಮೆ ನೋಡಬೇಕು.

ಏಳನೆಯದು: ಗಂಡನ ರಿಪೋರ್ಟ್ ಎಲ್ಲಿ?

ಆ ದಿನ ಅತ್ತೆಗೆ ಇದನ್ನೇ ಕೇಳಿದೆ. "ನಿಮ್ಮ ಮಗಂದು ಟೆಸ್ಟ್ ಆಗ್ಯಾದೇನ್ರಿ?" ಅವರು ನನ್ನ ಮುಖ ನೋಡಿದರು. "ಅವಗೇನಾಗ್ಯಾದರಿ, ಗಟ್ಟಿ ಇದ್ದಾನ." ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಹೆಂಡತಿಗೆ ಐದು ಸಾವಿರದ ಹಾರ್ಮೋನ್ ಟೆಸ್ಟ್ ಮಾಡಿಸಿ, ಗಂಡನಿಗೆ ಕೆಲವೇ ನೂರು ರೂಪಾಯಿಯ ವೀರ್ಯ ಪರೀಕ್ಷೆ ಮಾಡಿಸದವರನ್ನು ವಾರಕ್ಕೊಬ್ಬರಾದರೂ ನೋಡುತ್ತೇನೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಎರಡರಿಂದ ಏಳು ದಿನ ಸಂಬಂಧ, ಸ್ಖಲನ ಎರಡೂ ಇಲ್ಲದೆ ಬರಬೇಕು. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬಿನ ಟೇಬಲ್ ಮೇಲಿರಬೇಕು. ಹಾಗಾಗಿ ಆಳಂದ, ಸೇಡಂ, ಅಫಜಲಪುರದ ಮನೆಯಿಂದ ಡಬ್ಬಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರುವುದು ಆಗದ ಮಾತು. ಲ್ಯಾಬಿಗೇ ಬಂದು ಕೊಡಬೇಕು, ಬೇರೆ ಕೋಣೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಲ್ಲಿ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಎಂಎಲ್, ಒಂದು ಎಂಎಲ್‌ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಶೇಕಡಾ 42ರಷ್ಟು ಚಲಿಸುತ್ತಿರಬೇಕು. ಒಂದು ಸಲ ಕಡಿಮೆ ಬಂದರೆ ಅದೇ ಕೊನೆಯಲ್ಲ. ಜ್ವರ ಬಂದಿದ್ದರೂ ಇಳಿಯುತ್ತದೆ. ಎರಡು-ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಸೋಮವಾರ ಕಳಸ್ತೀನಿ, ಎಷ್ಟ್ ಗಂಟಿಗಿ ಬರಬೇಕ್ರಿ?" ಎಂದರು.

ಡಾಕ್ಟರ್ ಹತ್ತಿರ ಹೋಗುವಾಗ

ಇಬ್ಬರೂ ಹೋಗಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಖಾಸಗಿಗೆ ದುಡ್ಡು ಸುರಿಯುವ ಮುಂಚೆ ಅಲ್ಲಿನ ಸ್ತ್ರೀರೋಗ ವಿಭಾಗದಲ್ಲಿ ಒಮ್ಮೆ ತೋರಿಸಬಹುದು. ನೇರವಾಗಿ ಐವಿಎಫ್ ಎಂದು ಹೇಳಿದರೆ ಆ ಕ್ಲಿನಿಕ್ 2021ರ ಎಆರ್‌ಟಿ ಕಾಯ್ದೆಯ (ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ ಕೇಂದ್ರದ ಕಾನೂನು) ಪ್ರಕಾರ ನೋಂದಣಿ ಆಗಿದೆಯಾ ಎಂದು ಕೇಳಿ. ಅದೇ ಕಾಯ್ದೆ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ಎಂದು ವಯಸ್ಸಿನ ಮಿತಿ ಹಾಕಿದೆ.

ಒಂದು ಹಾಳೆಯಲ್ಲಿ ಕಳೆದ ಆರು ತಿಂಗಳ ಮುಟ್ಟಿನ ತಾರೀಕು ಬರೆದುಕೊಳ್ಳಿ. ಹಳೆಯ ಆಪರೇಷನ್ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಪುಡಿ ಎಲ್ಲವನ್ನೂ ಜೊತೆಗೆ ಇಟ್ಟುಕೊಳ್ಳಿ. ನಾಚಿಕೊಂಡು ಪುಡಿ ಮುಚ್ಚಿಡಬೇಡಿ. ಆಮೇಲೆ ಮೂರು ಪ್ರಶ್ನೆ ಕೇಳಿ. ನನ್ನ ವಯಸ್ಸಿಗೆ ಈ ಅಂಕಿ ಹೇಗಿದೆ? ಸ್ಕ್ಯಾನಿಂಗ್ ಜೊತೆ ಹೊಂದುತ್ತದಾ? ನಾವು ಇನ್ನೆಷ್ಟು ತಿಂಗಳು ಸಹಜವಾಗಿ ಪ್ರಯತ್ನ ಮಾಡಬಹುದು? ಮೂರನೆಯ ಉತ್ತರವನ್ನು ಅಲ್ಲೇ ರಿಪೋರ್ಟಿನ ಹಿಂದೆ ಬರೆಸಿಕೊಳ್ಳಿ. ಮನೆಗೆ ಹೋದ ಮೇಲೆ ಡಾಕ್ಟರ್ ಏನಂದರು ಎಂದು ಹತ್ತು ಜನ ಕೇಳುತ್ತಾರೆ.